ಸೆಲೆಗೆ ಕಟ್ಟಿದ ಗೋಮುಖ

ನೀಲಪ್ಪ ಗಾಡಿ ನಿಲ್ಲಿಸುವಷ್ಟರಲ್ಲಿ ಸೆಲೆಯ ಮುಂದಿನ ಸಾಲು ಡಾಂಬರು ರಸ್ತೆಯ ಅಂಚಿಗೆ ಬಂದು ಮುಟ್ಟಿತ್ತು. ಕೊಡ, ಕ್ಯಾನು, ಎಣ್ಣೆಯ ಹಳೇ ಡಬ್ಬಿ, ಏನುಂಟು ಏನಿಲ್ಲ. ಗಂಡಸರು ಪಾತ್ರೆಗಳನ್ನು ಸಾಲಿಗೆ ಬಿಟ್ಟು ಜಾಲಿ ಮರದ ನೆರಳಲ್ಲಿ ಮೊಬೈಲು ತಿಕ್ಕುತ್ತ ಕೂತಿದ್ದರು. ಅವರ ಸರದಿಯನ್ನು ಪಾತ್ರೆಗಳೇ ಕಾಯುತ್ತಿದ್ದವು. ನೀಲಪ್ಪನ ಹೆಂಡತಿ ಸಾವಂತ್ರೆವ್ವ ಹಿಂದಿನ ಸೀಟಿನಿಂದ ಇಳಿದು, ಕೊಡವನ್ನು ಸಾಲಿನ ಕೊನೆಗೆ ಇಟ್ಟು ನಿಂತಳು. ಮೊದಲಾಗಿದ್ದರೆ ನಾಲ್ಕು ಜನ ಮಾತಾಡಿಸುತ್ತಿದ್ದರು.

ಗೋಮುಖದಿಂದ ನೀರು ನೂಲಿನಂತೆ ಇಳಿಯುತ್ತಿತ್ತು. ಒಂದು ಕೊಡ ತುಂಬುವುದರೊಳಗೆ ಒಬ್ಬ ಮನುಷ್ಯ ಉಂಡು ಕೈ ತೊಳೆಯಬಹುದಿತ್ತು, ತೊಳೆಯಲಿಕ್ಕೆ ನೀರಿದ್ದರೆ.

ಕಟಕೋಳದಿಂದ ರಾಮದುರ್ಗಕ್ಕೆ ಹೋಗುವ ಹಾದಿಯಲ್ಲಿ, ಗುಡ್ಡದ ಬುಡಕ್ಕೆ ಈ ಸೆಲೆ. ಊರಲ್ಲಿ ನಳ ಇಲ್ಲವೆಂದಲ್ಲ, ನಳದ ನೀರು ಸವಳು. ಅದರಲ್ಲಿ ಮಧ್ಯಾಹ್ನದವರೆಗೆ ಕುದಿಸಿದರೂ ಬೇಳೆ ಕಾಳುಕಾಳಾಗಿಯೇ ಉಳಿದು ಅಡುಗೆಯವಳನ್ನು ಅಣಕಿಸುತ್ತದೆ. ಹಾಗಾಗಿ ಕುಡಿಯುವ ನೀರಿಗೆ ಎಲ್ಲರೂ ಇಲ್ಲಿಗೇ ಬರಬೇಕು. ಮೊದಲು ನೀರು ಬಂಡೆಯ ಹಲವು ಬಿರುಕುಗಳಿಂದ ಒಸರುತ್ತಿತ್ತು. ಬಟ್ಟಲು ಹಿಡಿದು ಹಿಡಿದು ಕೊಡಕ್ಕೆ ಸುರುವಿಕೊಳ್ಳಬೇಕಿತ್ತು; ಹೆಂಗಸರ ಸೊಂಟ ಬಿದ್ದುಹೋಗುತ್ತಿತ್ತು. ಆದರೆ ಯಾವ ಬೇಸಿಗೆಗೂ ಅದು ಬತ್ತಿರಲಿಲ್ಲ. ಊರ ಹಿರಿಯ ನಿಜಗುಣಪ್ಪನವರಿಗೆ ಅದಕ್ಕೊಂದು ಚಂದದ ಬಾಯಿ ಕಟ್ಟಿಸಬೇಕೆಂದು ಮನಸ್ಸಾಯಿತು. ಕರೆದದ್ದು ಗೌಂಡಿ ನೀಲಪ್ಪನನ್ನು.

ಆ ಕರೆಯೇ ದೊಡ್ಡದು. ನೀಲಪ್ಪನ ಕೇರಿಯವರು ಊರಿನವರ ಪಾಯ ತೋಡಿದ್ದರು, ಗೋಡೆ ಎಬ್ಬಿಸಿದ್ದರು. ಗುಡಿಯ ಕೆಲಸಕ್ಕೆ, ನೀರಿನ ಕೆಲಸಕ್ಕೆ ಮಾತ್ರ ಅವರನ್ನು ಯಾರೂ ಕರೆದಿರಲಿಲ್ಲ. ಅವನು ಹಿಗ್ಗಿಹೋದ. ಇನ್ನು ಯಾರೂ ಕಾಯಬಾರದೆಂದು ಬಿರುಕುಗಳಿಗೆಲ್ಲ ಗಟ್ಟಿ ಸಿಮೆಂಟು ತುಂಬಿ, ನೀರನ್ನೆಲ್ಲ ಒಂದು ಕಲ್ಲಿನ ಗೋಮುಖಕ್ಕೆ ತಿರುಗಿಸಿದ. ಹೆಬ್ಬೆರಳು ಗಾತ್ರದ ನೀರು ಧುಮುಕಿತು. ಶಾಲು ಹೊದಿಸಿದರು, ಫೋಟೊ ತೆಗೆದರು. ಒಂದೆರಡು ಬಿರುಕನ್ನಾದರೂ ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪಾಪ, ಪ್ರೀತಿ ಹೆಚ್ಚಾಗಿ ಸಿಮೆಂಟೂ ಹೆಚ್ಚಾಯಿತು.

ಉಸಿರು ಕಟ್ಟಿದ ನೀರು ಒಳಗೊಳಗೇ ಬೇರೆ ದಾರಿ ಹುಡುಕಿಕೊಂಡಿತು; ಗೋಮುಖದ ಧಾರೆ ದಿನೇ ದಿನೇ ಸಣ್ಣಗಾಯಿತು. ರಸ್ತೆಯಾಚೆ ಮೋರಿಯ ಕೆಳಗೆ, ಎಂದೂ ಒದ್ದೆಯಾಗದ ಜಾಗದಲ್ಲಿ ಕೆಸರಾಗಿ, ಅಲ್ಲಿ ಈಗ ಎಮ್ಮೆಗಳು ಹೊರಳುತ್ತಿದ್ದವು. ನೀಲಪ್ಪನನ್ನು ಯಾರೂ ಬೈದಿರಲಿಲ್ಲ. ಬೈದಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು.

ಇವತ್ತು ಅವನು ಚೀಲದಲ್ಲಿ ಉಳಿ, ಸುತ್ತಿಗೆ ಹಾಕಿಕೊಂಡೇ ಬಂದಿದ್ದ. ನೆರಳಲ್ಲಿ ಕೂತಿದ್ದ ನಿಜಗುಣಪ್ಪನವರ ಮುಂದೆ ಹೋಗಿ ನಿಂತ.

"ಸಾವ್ಕಾರ್ರ, ಬಂಡೆ ಸಂದ್ಯಾಗಿನ ಸಿಮೆಂಟ್ ತಗದ ಬಿಡ್ತೇನ್ರಿ. ನಂದ ತಪ್ಪ್ರಿ. ಎಲ್ಲಾ ಕಡೆ ಮುಚ್ಚಬಾರದಾಗಿತ್ತು."

"ತಗದ್ರ ನೀರ ಹೊಳ್ಳಿ ಬರ್ತಾವೇನು?"

"ಬರಬೇಕ್ರಿ."

"ಬರಬೇಕು ಅನ್ನೂದು ಬ್ಯಾರೆ ಆತು. ಬರ್ತಾವು ಅಂತ ಹೇಳ್ತೀ ಏನು?"

ನೀಲಪ್ಪ ಗೋಮುಖದ ಕಡೆ ನೋಡಿದ. ಗುಡ್ಡದ ಹೊಟ್ಟೆಯಲ್ಲಿ ಏನಾಗಿದೆಯೋ ಬಲ್ಲವರಾರು? ಉಳಿಯ ಏಟಿಗೆ ಈಗ ಬರುವಷ್ಟೂ ನಿಂತುಹೋಗಬಹುದು. ಸುಳ್ಳು ಹೇಳಲು ಧೈರ್ಯ ಬರಲಿಲ್ಲ.

"ಹೇಳಾಕ ಬರಂಗಿಲ್ರಿ."

"ಮತ್ತ? ಇದ್ದಷ್ಟರ ಇರ್ಲಿ ತಮ್ಮಾ. ಬೆಳಗಾವಿಯಿಂದ ಯಾರರೆ ತಿಳದವ್ರು ಬಂದ ನೋಡ್ಲಿ. ನೀ ಇನ್ನ ಕೈ ಹಚ್ಚಬ್ಯಾಡ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. "ನಿನಗಷ್ಟ ಅಂತಾರಂತ ತಿಳೀಬ್ಯಾಡ. ಕರದಾಂವ ನಾನು, ನನಗೂ ಅಂತಾರ. ಕೈಗುಣ ನೋಡಿ ಕರೀಬೇಕಿತ್ತು ಅಂತಾರ."

ಕೆಲಸ ಕೆಟ್ಟರೆ ಒಡೆದು ತಿದ್ದಬಹುದು, ಕೈಗುಣವನ್ನು ಏನು ಹಾಕಿ ಒಡೆಯುವುದು? ಸಿಮೆಂಟು ಯಾರು ತುಂಬಿದ್ದರೂ ಹೀಗೇ ಆಗುತ್ತಿತ್ತು ಎಂದು ಹೇಳಬೇಕೆಂದು ನೀಲಪ್ಪನಿಗೆ ಅನಿಸಿತು. "ಹೂಂರಿ" ಎಂದ.

ಸಾವಂತ್ರೆವ್ವನ ಸರದಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅವಳಿಗಿಂತ ಮುಂಚೆ ತುಂಬಿಸಿಕೊಂಡವಳು ನಿಜಗುಣಪ್ಪನವರ ಮನೆಯ ಹಿರಿಯಾಕೆ ತಂಗೆವ್ವ. ಸಾವಂತ್ರೆವ್ವ ಕೊಡ ಎತ್ತಿಕೊಂಡು ಗೋಮುಖದ ಕಡೆ ಬಾಗಿದಾಗ ತಂಗೆವ್ವ ಅಡ್ಡ ಕೈ ಚಾಚಿದಳು.

"ತಡಿ ಯವ್ವಾ. ಕೊಡ ಅಲ್ಲೆ ಕೆಳಗಿಡು. ನಾ ಚರಗಿಲೆ ಹಿಡದ ಹಾಕ್ತೇನಿ."

"ಯಾಕ್ರಿ ಅವ್ವಾರ? ದಿನಾ ನಾನ ತುಂಬ್ಕೋತೇನಲ್ರಿ."

"ಹಂಗೇನಿಲ್ಲವಾ. ನೀರ ಮದಲ ಮುನಿಸ್ಕೊಂಡಾವು. ಸುಮ್ನ ಯಾಕ?"

ತಂಗೆವ್ವ ಮಗಳಿಗೆ ಹೇಳಿದ ಹಾಗೆ ಮೆತ್ತಗೆ ಹೇಳಿದಳು. ಕೊಡ ಕೆಳಗಿಟ್ಟು ದೂರ ನಿಲ್ಲುವುದನ್ನು ನೀಲಪ್ಪ ತನ್ನ ಅವ್ವನ ಬಾಯಲ್ಲಿ ಹಳೇ ಕಾಲದ ಸಂಗತಿಯಾಗಿ ಕೇಳಿದ್ದ, ಅಷ್ಟೇ. ಸಾವಂತ್ರೆವ್ವ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ಗಂಡನ ಮುಖ ನೋಡಿದಳು. ಏನಾದರೂ ಹೇಳು ಎನ್ನುವಂತೆ ನೋಡಿದಳು. ಕೊಡ ತಗೊಂಡು ಬಾ, ಹೋಗೋಣ ಅನ್ನಬೇಕು ಎಂದು ಅವನ ಜೀವ ಒದ್ದಾಡಿತು. ಮನೆಯಲ್ಲಿ ಕುಡಿಯಲು ಹನಿ ನೀರಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಸಾಲೆಲ್ಲ ಒಣಗಿ ನಿಂತಿದ್ದು ತನ್ನ ಕೆಲಸದಿಂದ. ಯಾವ ಬಾಯಿಂದ ಜಗಳ ತೆಗೆಯಲಿ?

ಅವನು ಇಡು ಎಂದು ತಲೆಯಾಡಿಸಿದ.

ಸಾವಂತ್ರೆವ್ವ ಕೊಡವನ್ನು ನೆಲಕ್ಕಿಟ್ಟು ಹಿಂದೆ ಸರಿದಳು. ತಂಗೆವ್ವ ತನ್ನ ಚರಿಗೆ ತುಂಬಿಸಿಕೊಂಡು, ಅದು ಕೊಡಕ್ಕೆ ತಾಗದ ಹಾಗೆ ಗೇಣುದ್ದ ಮೇಲೆತ್ತಿ ಸುರುವಿದಳು. ಅರ್ಧ ಒಳಗೆ ಬಿತ್ತು, ಅರ್ಧ ಗಾಳಿಗೆ ಹಾರಿ ಮಣ್ಣಿಗೆ ಬಿತ್ತು. ಬೆಳಗಿನಿಂದ ಕಾಯುತ್ತಿದ್ದವರಲ್ಲಿ ಯಾರೂ ನೀರು ಚೆಲ್ಲಬೇಡ ಅನ್ನಲಿಲ್ಲ.