ಖಾಲಿ ಬುಟ್ಟಿಯ ಎಡ ತಿರುವು

ಆ ಮೋಟರ್‌ಬೈಕಿನ ಎಡಪಕ್ಕಕ್ಕೆ ಅಂಟಿಕೊಂಡಿದ್ದ ಸೈಡ್‌ಕಾರಿಗೆ ಮನೆಯಲ್ಲಿ ಎಲ್ಲರೂ ಬುಟ್ಟಿ ಅನ್ನುತ್ತಿದ್ದರು. ಬುಟ್ಟಿಯಲ್ಲಿ ಒಂದು ಸೀಟು, ಸೀಟಿನ ಮುಂದೆ ಕಾಲು ಚಾಚುವಷ್ಟು ಜಾಗ, ಅಡಿಯಲ್ಲಿ ಅದರದೇ ಒಂದು ಚಕ್ರ. ಬೈಕಿನ ಎರಡು, ಬುಟ್ಟಿಯದು ಒಂದು, ಒಟ್ಟು ಮೂರು. ಇಪ್ಪತ್ತೆಂಟು ವರ್ಷ ಮಾವ ಅದನ್ನು ಓಡಿಸಿದ್ದರು, ಇಪ್ಪತ್ತೆಂಟು ವರ್ಷ ಅತ್ತೆ ಬುಟ್ಟಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಪರದೆ ಬಟ್ಟೆಯ ಸುರುಳಿ, ಕಾಲಬುಡದಲ್ಲಿ ಡ್ರಿಲ್ಲು. ಊರಿನ ಎಷ್ಟೋ ಕಿಟಕಿಗಳಿಗೆ ಪರದೆ ಹಾಕಿದ್ದು ಈ ಗಂಡಹೆಂಡಿರೇ. ಅಳತೆ ತೆಗೆಯುವುದು ಅತ್ತೆ, ಗೋಡೆಗೆ ರಾಡು ಕೂರಿಸುವುದು ಮಾವ, ಮನೆಯಲ್ಲಿ ಕೂತು ಹೊಲಿಯುವುದು ಹುಡುಗಿ.

ಹುಡುಗಿ ಅಂದರೆ ಮಾವನ ತಂಗಿಯ ಮಗಳು. ಹದಿಮೂರಕ್ಕೇ ಶಾಲೆ ಬಿಟ್ಟು ಈ ಮನೆಗೆ ಬಂದವಳಿಗೆ ಈಗ ಇಪ್ಪತ್ತೆರಡು. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ ಅಂತ ಅತ್ತೆ ಅವಳಿಗೆ ಬೆಕ್ಕು ಅಂತ ಹೆಸರಿಟ್ಟಿದ್ದರು. ಗಿರಾಕಿಗಳು ಬಾಗಿಲಿಗೆ ಬಂದರೆ ಹೊಲಿಗೆ ಮಷೀನಿನ ಹಿಂದೆ ತಲೆ ತಗ್ಗಿಸಿ ಕೂರುತ್ತಿದ್ದಳು. ಅವರು ಹೋದ ಮೇಲೆ ಕೇಳಿದರೆ, ಬಂದವರ ಯಾವ ಕಾಲಿನ ಚಪ್ಪಲಿ ಹೆಚ್ಚು ಸವೆದಿತ್ತು ಅನ್ನುವುದನ್ನೂ ಹೇಳುತ್ತಿದ್ದಳು. ಬಾಯಿಗೆ ಹಾಕಿದ್ದ ಬೀಗ ಕಣ್ಣಿಗೆ ಇರಲಿಲ್ಲ.

ಮಾವನ ಕಣ್ಣು ಮಬ್ಬಾಗತೊಡಗಿದ್ದನ್ನು ಮೊದಲು ಕಂಡುಹಿಡಿದವಳೂ ಅವಳೇ. ಸ್ಕ್ರೂ ತಲೆಯನ್ನು ಬೆರಳಿನಿಂದ ಸವರಿ ಹುಡುಕುತ್ತಿದ್ದರು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಗಾಡಿ ಓಡಿಸಬಾರದು ಅಂದುಬಿಟ್ಟರು. ಅದೇ ವಾರ ಕಾಫಿ ಅಂಗಡಿಯ ಯಜಮಾನ ಮನೆಗೆ ಬಂದ. ಹಳೇ ಗಾಡಿ, ನೋಡೋಕೆ ಚೆನ್ನಾಗಿದೆ, ಅಂಗಡಿ ಮುಂದೆ ನಿಲ್ಲಿಸಿ ಬುಟ್ಟಿಯಲ್ಲಿ ಹೂವಿನ ಕುಂಡ ಇಡ್ತೀನಿ ಅಂದ.

"ಹೂವಿನ ಕುಂಡ!" ಅವನು ಹೋದ ಮೇಲೆ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಇಷ್ಟು ವರ್ಷ ನಾನು ಕೂತ ಜಾಗ ಕಣ್ರೀ ಅದು. ನಾನೇನು ಗಿಡಾನಾ?"

"ಮತ್ತೆ ಓಡಿಸೋರು ಯಾರು? ನೀನಾ?" ಮಾವ ಗೊಣಗಿದರು. "ತುಕ್ಕು ಹಿಡಿಯೋದಕ್ಕಿಂತ ಹೂವು ಹಿಡಿಯೋದು ವಾಸಿ."

ಆಗ ಮಷೀನಿನ ಸದ್ದು ನಿಂತಿತು. "ನಾನು ಕಲೀಲಾ ಮಾವ?"

ಅತ್ತೆ, ಮಾವ ಇಬ್ಬರೂ ತಿರುಗಿ ನೋಡಿದರು. ಕೇಳಿದವಳ ಕಿವಿ ಕೆಂಪಾಗಿತ್ತು, ಆದರೆ ತಲೆ ಕೆಳಗಿರಲಿಲ್ಲ. ಹತ್ತಿರ ಹತ್ತಿರ ಒಂಬತ್ತು ವರ್ಷದಲ್ಲಿ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮಾವ ಯಜಮಾನನಿಗೆ ಎರಡು ತಿಂಗಳ ಗಡುವು ಹೇಳಿ ಕಳಿಸಿದರು. ಅಷ್ಟರಲ್ಲಿ ಹುಡುಗಿಗೆ ಲೈಸೆನ್ಸ್ ಸಿಕ್ಕರೆ ಗಾಡಿ ಮನೆಯಲ್ಲಿ, ಸಿಗದಿದ್ದರೆ ಕಾಫಿ ಅಂಗಡಿ ಮುಂದೆ.

ನಿಯಮಗಳ ಪುಸ್ತಕವನ್ನು ಅವಳು ಮಷೀನಿಗೆ ಒರಗಿಸಿಟ್ಟುಕೊಂಡು ಓದಿ, ಕಂಪ್ಯೂಟರ್ ಪರೀಕ್ಷೆಯನ್ನು ಒಂದೇ ಏಟಿಗೆ ಮುಗಿಸಿದಳು. ಎಲ್ ಬೋರ್ಡು ಬಂತು. ಬೆಳಗ್ಗೆ ಎದ್ದು ಮುಖ ತೊಳೆದರೆ ಮೂವರೂ ಗಾಡಿಯ ಮೇಲೆ. ಹ್ಯಾಂಡಲಿಗೆ ಅವಳು, ಹಿಂದಿನ ಸೀಟಿಗೆ ಮಾವ, ಬುಟ್ಟಿಗೆ ಅತ್ತೆ. ಮೊದಮೊದಲು ಗಾಡಿ ಅವಳ ಮಾತು ಕೇಳಲಿಲ್ಲ. ಎಕ್ಸಲರೇಟರ್ ಹಿಂಡಿದರೆ ಎಡಕ್ಕೆ ಎಳೆಯುವುದು, ಬ್ರೇಕ್ ಒತ್ತಿದರೆ ಬಲಕ್ಕೆ ಹೋಗುವುದು.

"ಎರಡು ಚಕ್ರದ್ದಾದ್ರೆ ವಾಲಿಸಿ ತಿರುಗಿಸಬಹುದು. ಇದು ವಾಲಲ್ಲ," ಅಂತ ಮಾವ ಬೆನ್ನ ಹಿಂದಿನಿಂದ ಹೇಳುತ್ತಿದ್ದರು. "ಇದನ್ನ ಹ್ಯಾಂಡಲ್ ಹಿಡಿದೇ ತಿರುಗಿಸಬೇಕು. ಎಮ್ಮೆ ಕೊಂಬು ಹಿಡಿದ ಹಾಗೆ."

"ಬುಟ್ಟೀಲಿರೋ ಎಮ್ಮೆಗೂ ಕಿವಿ ಕೇಳಿಸುತ್ತೆ," ಅನ್ನುತ್ತಿದ್ದರು ಅತ್ತೆ.

ಒಂದು ತಿಂಗಳಾಗುವಷ್ಟರಲ್ಲಿ ಗಾಡಿ ಪಳಗಿತು. ಎಡ ತಿರುವು, ಬಲ ತಿರುವು, ಏರಿನಲ್ಲಿ ನಿಲ್ಲಿಸಿ ಹೊರಡಿಸುವುದು, ಎಲ್ಲ ಸಲೀಸು. ಪರೀಕ್ಷೆಗೆ ದಿನ ಸಿಕ್ಕಿದ್ದು ಗಡುವಿನ ಹಿಂದಿನ ದಿನ. ಮೂವರಿಗೂ ಅದರ ಚಿಂತೆ ಇರಲಿಲ್ಲ. ಹೋಗುವುದು, ಓಡಿಸುವುದು, ಬರುವುದು.

ಪರೀಕ್ಷೆಯ ಮೈದಾನದಲ್ಲಿ ಬಿಳಿ ಬಣ್ಣದಲ್ಲಿ ದೊಡ್ಡದೊಂದು ಎಂಟು ಬರೆದಿದ್ದರು. ಗೆರೆ ತುಳಿಯದೆ, ಕಾಲೂರದೆ ಅದರ ಮೇಲೆ ಎರಡು ಸುತ್ತು ಬರಬೇಕು. ಇನ್‌ಸ್ಪೆಕ್ಟರು ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ನಿಂತಿದ್ದರು. ಹುಡುಗಿಯ ಹೆಸರು ಕೂಗಿದರು. ಗಾಡಿ ಬಂತು, ಬುಟ್ಟಿಯಲ್ಲಿ ಅತ್ತೆಯ ಸಮೇತ.

"ಅಮ್ಮ, ನೀವು ಇಳೀಬೇಕು. ಪರೀಕ್ಷೆ ಒಬ್ಬರಿಗೆ."

"ನಾನು ಮಾತಾಡಲ್ಲ ಸಾರ್, ಸುಮ್ನೆ ಕೂತಿರ್ತೀನಿ."

"ಸುಮ್ನೆ ಕೂರೋದಕ್ಕೆ ಅಲ್ಲಿ ಬೆಂಚಿದೆ."

ಅತ್ತೆ ಇಳಿದರು. ಬುಟ್ಟಿಯ ಸ್ಪ್ರಿಂಗು ನಿಟ್ಟುಸಿರು ಬಿಟ್ಟು ನಾಲ್ಕು ಬೆರಳು ಮೇಲೆದ್ದಿತು. ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತವರಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ಕ್ಲಚ್ ಬಿಟ್ಟಳು. ಬಲಗಡೆಯ ಅರ್ಧ ಎಂಟು ಬೆಣ್ಣೆಯ ಹಾಗೆ ಸಾಗಿತು. ನಡುವಿನ ಗೆರೆ ದಾಟಿ ಎಡಕ್ಕೆ ತಿರುಗಿಸಿದಳು, ಅಷ್ಟೇ. ಬುಟ್ಟಿ ನೆಲ ಬಿಟ್ಟಿತು. ಅದರ ಚಕ್ರ ಮೊಣಕಾಲೆತ್ತರಕ್ಕೆ ಎದ್ದು ಗಾಳಿಯಲ್ಲಿ ತಿರುಗುತ್ತಿತ್ತು, ಇಡೀ ಗಾಡಿ ಬಲಕ್ಕೆ ಮಗುಚಿಕೊಳ್ಳುವ ಹಾಗಾಯಿತು. ಅವಳು ಹ್ಯಾಂಡಲ್ ನೆಟ್ಟಗೆ ಮಾಡಿ ಬ್ರೇಕ್ ಒತ್ತಿದಳು. ಬುಟ್ಟಿ ದಬ್ಬೆಂದು ಕೂತಿತು. ಮುಂದಿನ ಚಕ್ರ ಗೆರೆಯಿಂದ ಒಂದು ಗಜ ಆಚೆ ನಿಂತಿತ್ತು.

ಇನ್‌ಸ್ಪೆಕ್ಟರು ಕಾಗದದ ಮೇಲೆ ಒಂದು ಗೀಟು ಎಳೆದರು. "ಮುಂದಿನ ತಿಂಗಳು ಬನ್ನಿ."

"ಅಯ್ಯೋ, ಅದು ಹೇಗೆ ಸಾರ್?" ಅತ್ತೆ ಬೆಂಚಿನಿಂದ ಎದ್ದು ಬಂದೇಬಿಟ್ಟರು. "ದಿನಾ ಓಡಿಸ್ತಾಳೆ. ನಾನೇ ಕೂತ್ಕೊಂಡು ನೋಡಿದೀನಿ. ಒಂದು ದಿನಾನೂ ಹೀಗಾಗಿಲ್ಲ. ನೀವು ನನ್ನ ಇಳಿಸಿದ್ದಕ್ಕೇ..."

"ಗಾಡಿ ಓಡಿಸೋದು ಅವರು ತಾನೇ ಅಮ್ಮ? ಹೇಳೋದಿದ್ರೆ ಅವರೇ ಹೇಳ್ಲಿ."

ಹುಡುಗಿ ಸುತ್ತ ನೋಡಿದಳು. ಬೆಂಚಿನ ತುಂಬ ಜನ. ಮಾವ ಗೋಡೆ ಹಿಡಿದು ನಿಂತು, ಏನಾಯಿತೆಂದು ಕಾಣದೆ, ಮುಖವನ್ನು ಸದ್ದು ಬಂದ ಕಡೆಗೆಲ್ಲ ತಿರುಗಿಸುತ್ತಿದ್ದರು. ನಾಳೆ ಬೆಳಗ್ಗೆ ಕಾಫಿ ಅಂಗಡಿಯವನು ಬಂದು ಗಾಡಿ ತಳ್ಳಿಕೊಂಡು ಹೋಗುತ್ತಾನೆ. ಆಮೇಲೆ ಅವಳು ಮತ್ತೆ ಮಷೀನಿನ ಹಿಂದೆ. ಎಷ್ಟು ವರ್ಷ?

"ಸಾರ್," ಅಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಅಂದಳು. "ಸಾರ್, ನಾನು ಇದುವರೆಗೂ ಖಾಲಿ ಬುಟ್ಟಿ ಇಟ್ಕೊಂಡು ಓಡಿಸೇ ಇಲ್ಲ. ಯಾವಾಗ್ಲೂ ಅತ್ತೆ ಕೂತಿರ್ತಿದ್ರು. ಇವತ್ತೇ ಇನ್ನೊಂದು ಸಲ ನೋಡ್ತೀರಾ? ಊಟದ ಹೊತ್ತಲ್ಲಿ ಕಲಿತು ಬರ್ತೀನಿ."

"ಒಂದು ಗಂಟೇಲಿ ಕಲೀತೀರಾ?"

"ಗೊತ್ತಿಲ್ಲ ಸಾರ್. ಕಲೀದಿದ್ರೆ ನಾನೇ ಬಂದು ಹೇಳ್ತೀನಿ."

ಇನ್‌ಸ್ಪೆಕ್ಟರು ಅವಳನ್ನು ನೋಡಿದರು, ಗೆರೆಯಾಚೆ ನಿಂತ ಗಾಡಿಯನ್ನು ನೋಡಿದರು. "ಬೀಳಿಸದೆ ನಿಲ್ಲಿಸಿದ್ರಿ. ಹಾಗೆ ನಿಲ್ಲಿಸಿದವರಿಗೆ ಅದೇ ದಿನ ಇನ್ನೊಂದು ಸಲ ಕೊಡಬಹುದು, ಅವರಾಗೇ ಕೇಳಿದ್ರೆ. ಎರಡು ಗಂಟೆಗೆ ಬನ್ನಿ. ಕಲಿಯೋದಾದ್ರೆ ಹಿಂದುಗಡೆ ಜಲ್ಲಿ ಮೈದಾನ ಇದೆ. ಈ ಅಮ್ಮ ಮಾತ್ರ ಬುಟ್ಟೀಲಿ ಇರಬಾರದು. ನಾಳೆ ಇವರನ್ನ ಯಾರ ಮನೇಲೋ ಇಳಿಸಿ ಖಾಲಿ ವಾಪಸ್ ಬರ್ತೀರಲ್ಲ, ಆಗ ಯಾರು ಕೂರ್ತಾರೆ?"

ಅತ್ತೆ ಮಾವನ ಕೈ ಹಿಡಿದು ಹಿಂದುಗಡೆಗೆ ಹೊರಟರು.

ಜಲ್ಲಿ ಮೈದಾನದಲ್ಲಿ ಅವರು ಮೂವರೇ. ಮಾವ ತಲೆ ತಗ್ಗಿಸಿ ನಿಂತಿದ್ದರು.

"ಮಾವ, ನೀವು ಖಾಲಿ ಬುಟ್ಟಿ ಓಡಿಸಿದೀರಲ್ಲ? ಎಡಕ್ಕೆ ಹೇಗೆ ತಿರುಗಿಸ್ತಿದ್ರಿ?"

"ಹೇಗೆ ಅಂದ್ರೆ? ತಿರುಗಿಸ್ತಿದ್ದೆ."

"ಬುಟ್ಟಿ ಏಳ್ತಿರ್ಲಿಲ್ವಾ?"

"ಇಲ್ಲಪ್ಪ. ಕಲಿಯೋವಾಗ ಎರಡು ಮೂರು ಸಲ ಎದ್ದಿರಬೇಕು. ಆಮೇಲೆ ಏಳಲಿಲ್ಲ. ನಾನೇನೂ ಮಾಡ್ತಿರ್ಲಿಲ್ಲ ಕಣೇ, ಅದರ ಪಾಡಿಗೆ ಅದು ತಿರುಗ್ತಿತ್ತು."

ಅತ್ತೆ ಹಣೆ ಚಚ್ಚಿಕೊಂಡರು. "ಇಷ್ಟು ವರ್ಷ ಓಡಿಸಿ, ಹೇಗೆ ಓಡಿಸ್ತೀನಿ ಅನ್ನೋದು ಗೊತ್ತಿಲ್ಲ ಈ ಮನುಷ್ಯಂಗೆ!"

ಹುಡುಗಿ ಮಾವನ ಕೈ ಹಿಡಿದು ಗಾಡಿಯ ಹತ್ತಿರ ಕರೆದುಕೊಂಡು ಹೋದಳು. "ಹತ್ತಿ ಕೂತ್ಕೊಳ್ಳಿ ಮಾವ. ಇಂಜಿನ್ ಬೇಡ. ಸುಮ್ನೆ ರಸ್ತೇಲಿ ಹೋಗ್ತಿದೀನಿ ಅಂದ್ಕೊಳ್ಳಿ. ಬುಟ್ಟಿ ಖಾಲಿ."

ಮಾವ ಕೂತರು. ಹ್ಯಾಂಡಲ್ ಸಿಕ್ಕಿದ್ದೇ ಬೆನ್ನು ನೆಟ್ಟಗಾಯಿತು, ಹತ್ತು ವರ್ಷ ಕಳಚಿ ಬಿದ್ದ ಹಾಗೆ. ಕಣ್ಣು ಮುಚ್ಚಿಕೊಂಡರು. ಬಾಯಲ್ಲಿ ಬುರ್ ಅಂತ ಸಣ್ಣಗೆ ಸದ್ದು ಕೂಡ ಮಾಡಿದರು. ಅತ್ತೆ ನಗು ಬಾರದಂತೆ ಬಾಯಿಗೆ ಕೈ ಅಡ್ಡ ಹಿಡಿದರು.

"ಈಗ ಎಡಕ್ಕೆ, ಮಾವ."

ಹುಡುಗಿ ರೆಪ್ಪೆ ಹೊಡೆಯಲಿಲ್ಲ. ಹ್ಯಾಂಡಲ್ ಅಲುಗುವ ಮೊದಲು ಮಾವನ ಬಲ ಮಣಿಕಟ್ಟು ಸಡಿಲವಾಯಿತು. ಅದು ಎಕ್ಸಲರೇಟರ್ ಬಿಟ್ಟದ್ದು. ಆಮೇಲೆ ಸೊಂಟ ಸೀಟಿನ ಮೇಲೆ ಒಂದು ಗೇಣು ಎಡಕ್ಕೆ ಜಾರಿತು. ಎಡ ಭುಜ ಇಳಿಯಿತು, ತಲೆ ಬುಟ್ಟಿಯ ಮೇಲಕ್ಕೆ ಬಾಗಿತು. ಇಷ್ಟೆಲ್ಲ ಮುಗಿದ ಮೇಲೆ ಕೈಗಳು ತಿರುಗಿದವು.

"ಇನ್ನೊಂದು ಸಲ."

ಮತ್ತೆ ಅದೇ. ಮಣಿಕಟ್ಟು, ಸೊಂಟ, ಭುಜ, ಕೈ.

"ನೀವು ಎಡಕ್ಕೆ ಜಾರ್ತೀರಾ ಮಾವ. ಅತ್ತೆ ಇಲ್ದಿದ್ದಾಗ ಅವರ ಭಾರ ನೀವು ಹಾಕ್ತೀರಾ."

"ನಾನಾ?" ಮಾವ ಕಣ್ಣು ಬಿಟ್ಟು, ತಾವು ಕೂತ ರೀತಿಯನ್ನು ಕೈಯಿಂದ ತಡವಿ ನೋಡಿಕೊಂಡರು. ಅರ್ಧ ಸೀಟು ಖಾಲಿಯಿತ್ತು. "ಹೌದಲ್ಲೇ! ಮೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತೇ ಇರಲಿಲ್ಲ ನೋಡು."

ಹುಡುಗಿ ಗಾಡಿ ಹತ್ತಿದಳು. ಅತ್ತೆ ಮೈದಾನದ ನಡುವೆ ಕಂಬದ ಹಾಗೆ ನಿಂತರು, ಅವರ ಸುತ್ತ ಅವಳು ಎಡಕ್ಕೆ ತಿರುಗಬೇಕು. ಮಾವ ಜಲ್ಲಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟರು. ಬುಟ್ಟಿಯ ಚಕ್ರ ಜಲ್ಲಿಯ ಮೇಲೆ ಇರುವತನಕ ಕರಕರ ಸದ್ದು. ಎದ್ದರೆ ಸದ್ದಿಲ್ಲ.

"ಎದ್ದಿತು!" ಅಂತ ಕೂಗಿದರು. "ನೆಟ್ಟಗೆ ಮಾಡ್ಬೇಡ, ಬ್ರೇಕೂ ಬೇಡ! ಹ್ಯಾಂಡಲ್ ಒಂದು ಬೆರಳು ಸಡಿಲ ಬಿಡು, ಸಾಕು. ಹಾಂ, ಕೂತಿತು."

ಮೂರನೆಯ ಸುತ್ತಿನಲ್ಲಿ ಅತ್ತೆಯ ಚಪ್ಪಲಿಯ ಪಕ್ಕದಲ್ಲೇ ಹೋಯಿತು. "ಬೆಕ್ಕೇ, ನನ್ನ ಕಾಲು ಬೇಕು ಕಣೇ ನಂಗೆ!" ಆರನೆಯದರಲ್ಲಿ ಗಾಡಿ ಆಫಾಗಿ ನಿಂತಿತು. ಎಂಟೋ ಒಂಬತ್ತೋ ಆದ ಮೇಲೆ ಅವಳಿಗೆ ಒಂದು ವಿಷಯ ಮೈಗೇ ತಿಳಿಯಿತು. ಬುಟ್ಟಿ ಎದ್ದ ಮಾತ್ರಕ್ಕೆ ಗಾಡಿ ಮಗುಚುವುದಿಲ್ಲ. ಏಳುವುದಕ್ಕೂ ಬೀಳುವುದಕ್ಕೂ ನಡುವೆ ಬೇಕಾದಷ್ಟು ಜಾಗವಿದೆ. ಬೆಳಗ್ಗೆ ಹೆದರಿಸಿದ್ದು ಬುಟ್ಟಿಯಲ್ಲ, ಆ ಜಾಗ ಗೊತ್ತಿಲ್ಲದಿದ್ದದ್ದು. ಬೇಕೆಂದೇ ಒಮ್ಮೆ ಎಬ್ಬಿಸಿದಳು, ಇಳಿಸಿದಳು.

"ಎದ್ದಿತು," ಅಂದರು ಮಾವ. ತಕ್ಷಣ, "ಲೇ, ನೀನೇ ಎಬ್ಬಿಸಿದ್ದು ತಾನೇ ಅದು?"

ಅವಳು ನಕ್ಕಳು. ಇಂಜಿನ್ ಸದ್ದಿನ ಮೇಲೂ ಅದು ಅತ್ತೆಗೆ ಕೇಳಿಸಿತು.

ಎರಡು ಗಂಟೆಗೆ ಬೆಂಚಿನ ಮೇಲೆ ಅದೇ ಜನ. ಇನ್‌ಸ್ಪೆಕ್ಟರು ಕೈ ಬೀಸಿದರು. ಮೊದಲ ಸುತ್ತು ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಎರಡನೆಯ ಸುತ್ತಿನ ಎಡ ತಿರುವಿನಲ್ಲಿ ಅವಳು ಜಾರಿದ್ದು ಸ್ವಲ್ಪ ತಡವಾಯಿತು. ಚಕ್ರ ಎದ್ದಿತು. ಬೆಂಚಿನ ಕಡೆಯಿಂದ "ಹೋ" ಅನ್ನುವ ಸದ್ದು. ಅವಳು ಭುಜ ಇಳಿಸಿ ಒಂದು ಬೆರಳು ಸಡಿಲ ಬಿಟ್ಟಳು. ಬುಟ್ಟಿ ಸದ್ದಿಲ್ಲದೆ ಕೂತಿತು. ಗೆರೆಯ ಒಳಗೇ ಸುತ್ತು ಮುಗಿಸಿ, ಕಾಲೂರದೆ ಗಾಡಿ ನಿಲ್ಲಿಸಿದಳು.

ಇನ್‌ಸ್ಪೆಕ್ಟರು ಹತ್ತಿರ ಬಂದರು. "ಎರಡನೇ ಸುತ್ತಲ್ಲಿ ಚಕ್ರ ಎದ್ದಿತು."

"ಹೌದು ಸಾರ್. ಇಳಿಸಿದೆ."

"ನೋಡಿದೆ," ಅಂದರು, ಸಹಿ ಹಾಕಿದರು.

ಅತ್ತೆ ಅವಳನ್ನು ತಬ್ಬಿಕೊಂಡ ರಭಸಕ್ಕೆ ಹೆಲ್ಮೆಟ್ ಓರೆಯಾಯಿತು. ಮಾವ ಜೇಬಿನಿಂದ ಫೋನ್ ತೆಗೆದು ಅವಳ ಕೈಗಿಟ್ಟರು. "ಕಾಫಿ ಅಂಗಡಿಗೆ ಮಾಡು."

ನಂಬರ್ ಒತ್ತಿ ವಾಪಸ್ ಕೊಡಹೋದರೆ ಅವರು ಕೈ ಚಾಚಲೇ ಇಲ್ಲ. "ನೀನೇ ಹೇಳು. ಗಾಡಿ ಓಡಿಸೋರು ಹೇಳಬೇಕಂತೆ."

ಅತ್ತ ಕಡೆಯಿಂದ ಹಲೋ ಹಲೋ ಕೇಳಿಸುತ್ತಿತ್ತು. ಹುಡುಗಿ ಗಂಟಲು ಸರಿಮಾಡಿಕೊಂಡಳು. "ನಾವು ಪರದೆಯವರು. ನಾಳೆ ಬರಬೇಡಿ. ಗಾಡಿ ಕೊಡಲ್ಲ." ಕೇಳಿಸಿಕೊಂಡಳು. "ಇಲ್ಲ, ಬೇರೆಯವರಿಗೆ ಕೊಟ್ಟಿಲ್ಲ. ನಾನೇ ಓಡಿಸ್ತೀನಿ." ಮತ್ತೆ ಕೇಳಿಸಿಕೊಂಡಳು. ಅವಳ ಹುಬ್ಬು ಮೇಲೇರಿತು. "ಪರದೇನಾ? ಅಂಗಡಿಗೆ ಎಷ್ಟು ಕಿಟಕಿ? ಬಿಸಿಲು ಯಾವ ಕಡೆಯಿಂದ ಬೀಳುತ್ತೆ? ಸರಿ, ಸೋಮವಾರ ಬಂದು ಅಳತೆ ತಗೋತೀವಿ."

ಫೋನ್ ಇಟ್ಟಳು. ಅತ್ತೆಯ ಬಾಯಿ ತೆರೆದೇ ಇತ್ತು.

"ಹತ್ತಿ ಅತ್ತೆ," ಅಂದಳು ಹುಡುಗಿ, ಎಲ್ ಬೋರ್ಡನ್ನು ಕಿತ್ತು ಮಾವನ ಕೈಗೆ ಕೊಡುತ್ತ. "ದಾರೀಲಿ ಪೆಟ್ರೋಲ್ ಹಾಕಿಸ್ಬೇಕು."