ಮರದ ಮನುಷ್ಯರ ತಿರುಗಣಿ

ಪ್ರಾಣಿಗಳೇ ಕಟ್ಟಿಕೊಂಡು, ಪ್ರಾಣಿಗಳೇ ನಡೆಸಿಕೊಂಡು ಬಂದ ಒಂದು ಪಟ್ಟಣ. ಅಲ್ಲಿ ಪುರಸಭೆಯಿತ್ತು, ಬಸ್ ನಿಲ್ದಾಣವಿತ್ತು, ಮರಿಗಳನ್ನು ಕರೆದುಕೊಂಡು ಹೋಗಲು ಆನಂದವನ ಎಂಬ ವಿನೋದದ ತೋಟವೂ ಇತ್ತು. ಆನಂದವನದ ಹೆಮ್ಮೆಯೆಂದರೆ ಅದರ ತಿರುಗಣಿ. ನಮ್ಮಲ್ಲಿ ಮರದ ಕುದುರೆಗಳಿರುವ ಕಡೆ ಅವರಲ್ಲಿ ಮರದ ಮನುಷ್ಯರಿದ್ದರು: ಅಂಬೆಗಾಲಿಟ್ಟ ಹನ್ನೆರಡು ಜನ, ಒಬ್ಬನಿಗೆ ಮೀಸೆ, ಇನ್ನೊಬ್ಬನಿಗೆ ಕನ್ನಡಕ, ಎಲ್ಲರ ಬಾಯಿಗೂ ಲಗಾಮು. ಅವರ ಬೆನ್ನೇರಿ ಕೂತ ಕರುಗಳಿಗೂ ಕುರಿಮರಿಗಳಿಗೂ ಆಗುತ್ತಿದ್ದ ಸಂತೋಷ ಹೇಳಿ ತೀರದು.

ಈ ತಿರುಗಣಿಯನ್ನು ತಿರುಗಿಸುತ್ತಿದ್ದವನು ಅಡಿವೆಪ್ಪನೆಂಬ ಕತ್ತೆ. ನಡುಗಂಬದ ನೊಗಕ್ಕೆ ಹೆಗಲು ಕೊಟ್ಟು ಮೂವತ್ತು ವರ್ಷ ಸುತ್ತಿದ್ದ. ಅವನು ನಡೆದ ದಾರಿ ಸವೆದು ಕಾಲುವೆಯಾಗಿತ್ತು. ಬೇರೆ ಕತ್ತೆಗಳು ಊರೂರು ಸುತ್ತಿ ಬಂದ ಸುದ್ದಿ ಹೇಳಿದರೆ, ತಾನೂ ಅಷ್ಟೇ ದೂರ ನಡೆದಿದ್ದೇನೆ, ಮನೆಗೆ ಹತ್ತಿರವಿದ್ದೆ ಅಷ್ಟೆ, ಅನ್ನುತ್ತಿದ್ದ.

ಬರಬರುತ್ತ ಬರುವವರು ಕಡಿಮೆಯಾದರು. ಹನ್ನೆರಡು ಮನುಷ್ಯರಲ್ಲಿ ಎಂಟು ಮಂದಿ ಖಾಲಿ ಬೆನ್ನಿನಲ್ಲೇ ಸುತ್ತತೊಡಗಿದರು. ಆನಂದವನದ ಅಧ್ಯಕ್ಷರು ದೊಡ್ಡ ಮನಸ್ಸಿನ ಆನೆ, ಸಭೆ ಕರೆದರು. ದೂರದ ಊರಿನಿಂದ ತಜ್ಞನಾಗಿ ಬಂದ ಕೊಕ್ಕರೆ ಒಂದೇ ಕಾಲಿನ ಮೇಲೆ ನಿಂತು ಎರಡು ಗಂಟೆ ಮಾತಾಡಿತು. ಅಷ್ಟು ಹೊತ್ತು ಒಂಟಿಕಾಲಲ್ಲಿ ನಿಂತೂ ಬೀಳದವರ ಮಾತಿನಲ್ಲಿ ಏನೋ ಇರಲೇಬೇಕೆಂದು ಸಭೆಗೆ ಅನ್ನಿಸಿತು. ಮಾತಿನ ಸಾರ ಇಷ್ಟು: ಆನಂದವನ ಚಿಕ್ಕದು, ಅದಕ್ಕೇ ಯಾರೂ ಬರುತ್ತಿಲ್ಲ. ಎರಡರಷ್ಟು ದೊಡ್ಡದು ಮಾಡಿ ನಡುವೆ ಕೊಳ ತೋಡಿದರೆ ಊರೇ ಬರುತ್ತದೆ. ತಿರುಗಣಿ ಕೊಳದ ಮೆಟ್ಟಿಲಿಗೆ ಅಡ್ಡ, ಅದನ್ನು ಕೀಳಬೇಕು.

ಅಡಿವೆಪ್ಪ ಹಿಂದಿನ ಸಾಲಿನಿಂದ ಎದ್ದು ನಿಂತ. “ಸ್ವಾಮಿ, ಹನ್ನೆರಡರಲ್ಲಿ ಎಂಟು ಖಾಲಿ ಸುತ್ತುತ್ತಿವೆ. ಇಪ್ಪತ್ನಾಲ್ಕು ಮಾಡಿದರೆ ಇಪ್ಪತ್ತು ಖಾಲಿ ಸುತ್ತುವುದಿಲ್ಲವೇ?”

“ಸುತ್ತುವವರಿಗೆ ಮುಂದಿನದು ಕಾಣುವುದಿಲ್ಲ, ಅಡಿವೆಪ್ಪನವರೇ,” ಎಂದಿತು ಕೊಕ್ಕರೆ. ಸಭೆ ನಕ್ಕಿತು. ಅಧ್ಯಕ್ಷರಿಗೆ ಪಾಪ ಅನ್ನಿಸಿ, ಕೊಳ ಮುಗಿಯುವವರೆಗಾದರೂ ತಿರುಗಣಿ ಇರಲಿ ಎಂದರು.

ತಿಪ್ಪಣ್ಣನೆಂಬ ಕಾಡುಹಂದಿ ತನ್ನ ಬಳಗ ಕಟ್ಟಿಕೊಂಡು ಬಂದು ಮೂತಿಯಿಂದ ಅಗೆಯತೊಡಗಿದ. ಆ ಊರಿನವರ ಒಂದು ಗುಣ ಕೊಕ್ಕರೆಗೆ ತಿಳಿದಿರಲಿಲ್ಲ. ಯಾರಾದರೂ ನೆಲ ಅಗೆಯುತ್ತಿದ್ದರೆ ನಿಂತು ನೋಡದೆ ಮುಂದೆ ಹೋಗುವುದು ಅವರಿಂದ ಆಗದು. ಮೊದಲ ದಿನ ಔಷಧಿ ತರಲು ಹೊರಟ ಎಮ್ಮೆಯೊಂದು ನಿಂತಿತು. ಎಮ್ಮೆ ಏನು ನೋಡುತ್ತಿದೆಯೆಂದು ನೋಡಲು ಎರಡು ಹೋರಿ ನಿಂತವು. ವಾರದೊಳಗೆ ಊರಿಗೆ ಊರೇ ಅಂಚಿನಲ್ಲಿತ್ತು. ಎಡಕ್ಕೆ ಕಲ್ಲಿದೆ, ಬಲಕ್ಕೆ ತೆಗಿ ಎಂದು ತಿಪ್ಪಣ್ಣನಿಗೆ ಹೇಳಿಕೊಡುವವರೇ ಎಲ್ಲ. ಚುರುಮುರಿ ಮಾರುವ ಬಾಳವ್ವನೆಂಬ ಆಡು ಅದುವರೆಗೆ ಅರ್ಧ ಬುಟ್ಟಿ ತಾನೇ ತಿನ್ನುತ್ತಿದ್ದವಳು, ತಿನ್ನಲು ಪುರುಸೊತ್ತಿಲ್ಲದೆ ಸೊರಗಿದಳು. ನೋಡಿ ನೋಡಿ ಬೇಸರವಾದ ಮರಿಗಳು ತಿರುಗಣಿಗೆ ಓಡಿ ಬಂದವು. ಹನ್ನೆರಡು ಬೆನ್ನೂ ತುಂಬಿ, ಮೀಸೆಯವನ ಮೇಲೆ ಯಾರು ಕೂರಬೇಕೆಂದು ಜಗಳ. ಅಡಿವೆಪ್ಪ ಮರಿಗತ್ತೆಯ ಹಾಗೆ ಸುತ್ತಿದ.

“ನೋಡಿದಿರಾ?” ಎಂದರು ಅಧ್ಯಕ್ಷರು ಕೊಕ್ಕರೆಗೆ, ಕಣ್ಣು ತುಂಬಿಕೊಂಡು. “ಅರ್ಧ ಕೊಳಕ್ಕೇ ಇಷ್ಟು ಜನ. ಪೂರ್ತಿ ಆದರೆ?” ಕೆಲಸ ಬೇಗ ಮುಗಿಯಲೆಂದು ಇನ್ನೂ ನಲವತ್ತು ಹಂದಿಗಳನ್ನು ಕರೆಸಿದರು.

ಕೊಳ ಮುಗಿಯಿತು. ಮಾತಾಗಿದ್ದಂತೆ ತಿರುಗಣಿಯನ್ನು ಕಿತ್ತು, ಮರದ ಮನುಷ್ಯರನ್ನು ಮೂಲೆಯ ಶೆಡ್ಡಿನಲ್ಲಿ ಒಬ್ಬರ ಮೇಲೊಬ್ಬರಂತೆ ಪೇರಿಸಿದರು. ಉದ್ಘಾಟನೆಯ ದಿನ ನೀರು ಫಳಫಳ ಹೊಳೆಯಿತು. ಕೊಕ್ಕರೆ ಅದರಲ್ಲಿ ಒಂದು ಮೀನು ಹಿಡಿದು ನುಂಗಿ ತನ್ನೂರಿಗೆ ಹಾರಿತು. ಆ ದಿನ ಬಂದವರು ಇನ್ನೂರು, ಮರುದಿನ ಇಪ್ಪತ್ತು, ಮೂರನೆಯ ದಿನ ಅಧ್ಯಕ್ಷರು ಮತ್ತು ಅಡಿವೆಪ್ಪ. ಪುರಸಭೆಯವರು ಬಸ್ ನಿಲ್ದಾಣದ ಮುಂದೆ ಚರಂಡಿ ಅಗೆಸುತ್ತಿದ್ದರು, ಊರೆಲ್ಲ ಅಲ್ಲಿತ್ತು.

ಹದಿನೈದು ದಿನ ಅಧ್ಯಕ್ಷರು ಕೊಳದ ಮೆಟ್ಟಿಲ ಮೇಲೆ ಸೊಂಡಿಲು ಇಳಿಬಿಟ್ಟು ಕೂತರು. ಕೊನೆಗೆ ಅಡಿವೆಪ್ಪನನ್ನು ಕರೆದು, ನಿನಗೇನಾದರೂ ಬೇಕೇನಪ್ಪ ಎಂದು ಕೇಳಿದರು. ಕೊಡಲು ಅವರ ಬಳಿ ಬೇರೇನೂ ಇರಲಿಲ್ಲ. ಜಾಗ ಮಾತ್ರ ಬೇಕಾದಷ್ಟಿತ್ತು.

“ತಿರುಗಣಿ ಮತ್ತೆ ನಿಲ್ಲಿಸಿಕೊಳ್ಳುತ್ತೇನೆ, ಸ್ವಾಮಿ. ಕಂಬಕ್ಕೆ ಒಂದು ಗುಂಡಿ, ಅಷ್ಟೇ.”

ತಿಪ್ಪಣ್ಣ ಒಬ್ಬನೇ ಬಂದು ಬೇಲಿಯ ಪಕ್ಕ ಅಗೆಯತೊಡಗಿದ. ಅದೇ ಎಮ್ಮೆ ಅದೇ ಔಷಧಿಗೆ ಹೊರಟಿತ್ತು, ನಿಂತಿತು. ಮಧ್ಯಾಹ್ನಕ್ಕೆ ಬಾಳವ್ವ ಬುಟ್ಟಿ ಹೊತ್ತು ಬಂದಳು. ಸಂಜೆಗೆ ಚರಂಡಿಯ ಹತ್ತಿರ ಯಾರೂ ಇರಲಿಲ್ಲ. ಕುರಿಮರಿಯೊಂದು ಶೆಡ್ಡಿನ ಸಂದಿಯಲ್ಲಿ ಇಣುಕಿ, ಮೀಸೆಯವನನ್ನು ಗುರುತು ಹಿಡಿದು, ಇವನು ಯಾವಾಗ ಸುತ್ತುತ್ತಾನೆ ಎಂದು ಕೇಳಿತು. ಇವತ್ತೇ ಎಂದ ಅಡಿವೆಪ್ಪ.

“ಮೂರು ಮೊಳ ಬಂತು, ಅಡಿವೆಪ್ಪಣ್ಣ,” ಎಂದು ತಿಪ್ಪಣ್ಣ ಗುಂಡಿಯಿಂದ ತಲೆಯೆತ್ತಿದ. “ಕಂಬ ತರಿಸು, ನಿಲ್ಲಿಸಿಬಿಡೋಣ.”

ಅಡಿವೆಪ್ಪ ತನ್ನ ಹೆಗಲು ತಿಕ್ಕಿ ತಿಕ್ಕಿ ನುಣುಪಾದ ನೊಗವನ್ನು ನೋಡಿದ. ಆಮೇಲೆ ಜನರನ್ನು ನೋಡಿದ. ಗುಂಡಿ ಮುಗಿಯಿತೆಂದು ಮುಂದಿನ ಸಾಲಿನವರು ಆಗಲೇ ಬಾಲ ಒದರಿ ಹೊರಡುವ ಹವಣಿಕೆಯಲ್ಲಿದ್ದರು. ಎಮ್ಮೆ ಕುರಿಮರಿಯನ್ನೂ ಹೊರಡಿಸುತ್ತಿತ್ತು.

“ಇನ್ನೊಂದು ಮೊಳ ಹೋಗಲಿ, ತಿಪ್ಪಣ್ಣ,” ಎಂದ ಮೆಲ್ಲಗೆ. “ಅವಸರವೇನಿಲ್ಲ.”

ಹೊರಟವರು ನಿಂತರು. ಅಧ್ಯಕ್ಷರು ಬಂದು, ನೊಗವಿಲ್ಲದ ಅವನ ಹೆಗಲ ಮೇಲೆ ಪ್ರೀತಿಯಿಂದ ಸೊಂಡಿಲಿಟ್ಟರು. ಕೊಕ್ಕರೆಗೆ ಆಗಲೇ ಹೇಳಿ ಕಳಿಸಿದ್ದರು.

“ಅಂತೂ ವಿಸ್ತರಣೆಯ ಮಹತ್ವ ನಿನಗೂ ತಿಳಿಯಿತಲ್ಲ, ಮಾರಾಯ,” ಎಂದರು.

ಅಡಿವೆಪ್ಪ ಅಂಚಿಗೆ ಬಗ್ಗಿ, ಎಡಕ್ಕೆ ಕಲ್ಲಿದೆ ಎಂದು ತಿಪ್ಪಣ್ಣನಿಗೆ ಹೇಳಿಕೊಡುವುದರಲ್ಲಿದ್ದ.