‘ನನಗೆ’ ಎಲ್ಲಿ ಕೂರಬೇಕು

ಎಲ್ಲಿಂದ ಶುರು ಮಾಡಲಿ? ವ್ಯಾಕರಣದಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಅಳುವಿನಿಂದ ಶುರು ಮಾಡಿದರೆ ನನಗೇ ನಾಚಿಕೆ. ಹೋಗಲಿ, ಊಟದ ಮೇಜಿನಿಂದ ಶುರು ಮಾಡುತ್ತೇನೆ. ಅದರ ಮೇಲೆ ಒಂದು ದೊಡ್ಡ ಲೋಟ, ಒಂದು ಸಣ್ಣ ಲೋಟ. ಎರಡೂ ಖಾಲಿ.

೧

ಮಗಳು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವಳು. ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿತಿದ್ದಳು. ಅದು ಇಲ್ಲಿಯತನಕ ಮೂರು ಕಾಸಿನ ಉಪಯೋಗಕ್ಕೂ ಬಂದಿರಲಿಲ್ಲ. ತಾಯಿ ನರ್ಸ್. ಸ್ಪ್ಯಾನಿಷ್ ಆಡುವ ದೂರದ ಊರಿನ ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ನಾಳೆ ಸ್ಪ್ಯಾನಿಷ್ ಮಾತಿನ ಪರೀಕ್ಷೆ, ಪಾಠ ಹೇಳಿಕೊಡುತ್ತಿರುವವಳು ಮಗಳು. ಪಾಸಾದರೆ ಹೊರಡುವುದೇ. ಮನೆಯಲ್ಲಿರುವುದು ಇವರಿಬ್ಬರೇ.

(ತಾಯಿ ಹೊರಟು ಮಗಳು ಉಳಿಯುವ ಕಥೆ ತಿರುಗಾಮುರುಗಾ ಆಯಿತು ಎನ್ನಬೇಡಿ. ಐವತ್ತಾದ ಹೆಂಗಸಿಗೂ ಊರು ನೋಡುವ ಆಸೆ ಇರುತ್ತದೆ.)

೨

ಮೇಜಿನ ಮೇಲಿನ ದೊಡ್ಡ ಲೋಟ ಕ್ರಿಯಾಪದ, ಸಣ್ಣದು ‘ನನಗೆ’ ಎಂದಿಟ್ಟುಕೊಳ್ಳಿ. ಸುಮ್ಮನೆ ಸಂಗತಿ ಹೇಳುವಾಗ ಸ್ಪ್ಯಾನಿಷ್‌ನಲ್ಲಿ ಸಣ್ಣದು ದೊಡ್ಡದರ ಮುಂದೆ ಕೂರುತ್ತದೆ. ‘ಮಾಡಿ’, ‘ಕೊಡಿ’ ಎಂದು ಹೇಳುವಾಗ ಹಿಂದೆ ಹೋಗಿ ಬಾಲದ ಹಾಗೆ ಅಂಟಿಕೊಳ್ಳುತ್ತದೆ. ‘ಬೇಡ’ ಎಂದರೆ ಮತ್ತೆ ಮುಂದೆ. ಅಂತೂ ಒಂದು ಕಡೆ ನೆಟ್ಟಗೆ ಕೂರುವ ಜಾಯಮಾನದ್ದಲ್ಲ.

‘ಕೈ ಕೊಡಿ’ ಎನ್ನಲು ‘ದೇಮೆ ಲಾ ಮಾನೊ’ ಎನ್ನಬೇಕು. ತಾಯಿ ‘ಮೆ ದೆ’ ಎನ್ನುತ್ತಾಳೆ. ಕನ್ನಡದ ಕಿವಿ, ‘ನನಗೆ’ ಮುಂದಿದ್ದರೇ ಅದಕ್ಕೆ ಸಮಾಧಾನ.

“ಸರೀನಾ?” ಎಂದು ಹೋದ ವಾರ ತಾಯಿ ಕೇಳಿದ್ದಳು.

“ಸರಿ,” ಅಂದುಬಿಟ್ಟಳು ಮಗಳು.

ಮಾರನೆಯ ದಿನವೂ ಸರಿ ಅಂದಳು. ಈಗ ತಪ್ಪು ತಾಯಿಯ ನಾಲಿಗೆಯ ಮೇಲೆ ಭದ್ರವಾಗಿ ಕೂತಿದೆ. ನಾಳೆ ಫೇಲಾದರೆ ಅಮ್ಮ ಎಲ್ಲಿಗೂ ಹೋಗುವುದಿಲ್ಲ. ಮಗಳಿಗೆ ಬೇಕಾದದ್ದು ಅದೇ, ಅದು ಬೇಕಾಗಿದೆ ಎಂದೇ ಅವಳಿಗೆ ತನ್ನ ಮೇಲೇ ಬೇಸರ.

೩

ಮೊದಲ ಡ್ರಾಫ್ಟು: ತಾಯಿ ಫೇಲು, ಮಗಳು ತಲೆ ಸವರಿ ಸಮಾಧಾನ ಮಾಡುತ್ತಾಳೆ. ಮಗಳೇ ತಡೆದಳು.

“ಆಮೇಲೆ ದಿನಾ ಅಮ್ಮನ ಮುಖ ನೋಡೋಳು ನಾನು, ನೀವಲ್ಲ.”

ಎರಡನೆಯದು: ವಿಮಾನ ನಿಲ್ದಾಣ, ಅಪ್ಪುಗೆ, ಸೂಟ್‌ಕೇಸು. ಇದನ್ನು ನಾನೇ ಹರಿದು ಹಾಕಿದೆ. ದಿಕ್ಕು ತೋಚದ ಕಥೆಗಾರರೆಲ್ಲ ಪಾತ್ರಗಳನ್ನು ವಿಮಾನ ಹತ್ತಿಸಿ ಕೈತೊಳೆದುಕೊಳ್ಳುತ್ತಾರೆ.

೪ (ಇದನ್ನು ನಾನು ಯೋಚಿಸಿ ಬರೆದದ್ದಲ್ಲ)

“ನೀನು ಪೇಶೆಂಟ್ ಆಗು, ಮಲ್ಕೊ,” ಅಂದಳು ತಾಯಿ.

ಮಗಳು ಸೋಫಾದ ಮೇಲೆ ಮಲಗಿದಳು. ತಾಯಿ ಪಕ್ಕದಲ್ಲಿ ಕುಳಿತು ಮಣಿಕಟ್ಟು ಹಿಡಿದು, ಎಲ್ಲಿ ನೋವು, ನನಗೆ ಹೇಳಿ ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದಳು. ಸರಾಗವಾಗಿ, ಅಕ್ಕರೆಯಿಂದ, ತಪ್ಪಾಗಿ.

ಮಗಳು ಕಣ್ಣು ಮುಚ್ಚಿಕೊಂಡಳು.

“ಅಮ್ಮ, ಅದು ತಪ್ಪು. ಹೋದ ವಾರಾನೂ ತಪ್ಪೇ ಇತ್ತು. ನಾನು ಬೇಕಂತ್ಲೇ ಸರಿ ಅಂದೆ.”

ಇಲ್ಲಿ ನಾನು ‘ತಾಯಿಗೆ ಇದು ಮೊದಲೇ ಗೊತ್ತಿತ್ತು’ ಎಂದು ಬರೆದೆ. ತಾಯಿ ನನ್ನ ಕಡೆ ತಿರುಗಿದಳು.

“ನಂಗೆ ಗೊತ್ತಿರ್ಲಿಲ್ಲ. ಸುಮ್ನೆ ನನ್ನ ದೊಡ್ಡೋಳು ಮಾಡ್ಬೇಡಿ. ಸಿಟ್ಟು ಬಂದಿದೆ, ಅದನ್ನ ಬರೀರಿ.”

ಬರೆದೆ. ತಾಯಿಗೆ ಸಿಟ್ಟು ಬಂದಿದೆ. ಮಗಳ ಮಣಿಕಟ್ಟು ಬಿಟ್ಟಿಲ್ಲ.

“ನಾನು ಹೋಗೋದು ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?”

“ಹೇಳಿದ್ರೆ ನೀನು ಉಳ್ಕೊಂಡುಬಿಡ್ತಿದ್ದೆ.”

ತಾಯಿ ಮಗಳನ್ನು ಎಬ್ಬಿಸಿ ಕೂರಿಸಿದಳು.

“ಈಗ ಹೇಳಿದೀಯಲ್ಲ,” ಅಂದಳು. “ಇನ್ನು ಸರಿಯಾಗಿ ಹೇಳ್ಕೊಡು.”

“ಹೋಗ್ತೀಯಾ?”

“ಮೊದ್ಲು ಹೇಳ್ಕೊಡು.”

೫

ಪಾಸೋ ಫೇಲೋ, ಹೋಗುತ್ತಾಳೋ ಇರುತ್ತಾಳೋ, ಓದುಗರಿಗೆ ಏನಾದರೊಂದು ಹೇಳಬೇಕಲ್ಲ ಎಂದು ನಾನು ಬಾಯಿ ತೆರೆದೆ.

“ನೀವಿನ್ನೂ ಇಲ್ಲೇ ಇದೀರಾ? ನಾವು ಓದ್ಕೋಬೇಕು, ಹೊರಡಿ,” ಅಂದಳು ತಾಯಿ.

ಹೊರಗೆ ಬಂದೆ. ಬಾಗಿಲು ಹಾಕಿಕೊಂಡರು. ಮಗಳು ಹೇಳಿಕೊಡುವುದು ಕೇಳಿಸುತ್ತಿತ್ತು. ಈ ಸಲ ಹೇಳಿಕೊಟ್ಟದ್ದು ಸರಿಯಾಗಿತ್ತು. ತಾಯಿ ತಿರುಗಿ ಏನು ಹೇಳಿದಳೋ, ಅದು ನನಗೆ ಕೇಳಿಸಲಿಲ್ಲ.